ಕಾಯಂ ನಿವಾಸಿ ಮೀನು

ಚೊಚ್ಚಲ ಬಸುರಿ ಮಗಳು ತವರಿಗೆ ಬಂದರೆ ತಾಯಿಗೆ ಬೆಳಗಾದರೆ ಒಂದೇ ಚಿಂತೆ: ಇವತ್ತು ಏನು ಮಾಡಿ ಬಡಿಸಲಿ? ನಿಮ್ಮ ಮನೆಯಲ್ಲೂ ಹೀಗೇ ತಾನೇ? ಲುವಾಳ ಮನೆಯಲ್ಲೂ ಹಾಗೇ ಆಗಿತ್ತು. ಮಗಳು ಉಯೆನ್‌ಗೆ ಮಾಂಸ ಕಂಡರೆ ಓಕರಿಕೆ, ಹಾಲು ಕಂಡರೆ ಮುಖ ಆಚೆ. ಅವಳ ನಾಲಿಗೆಗೆ ಹಿಡಿಸುತ್ತಿದ್ದದ್ದು ಅಮ್ಮ ಮಾಡುವ ಹುಳಿ ಮೀನುಸಾರು ಒಂದೇ. ಹುಣಸೆಹಣ್ಣು, ಟೊಮೆಟೊ, ಅನಾನಸು, ಕೆಸುವಿನ ದಂಟು, ಮೇಲೆ ತಾಜಾ ಮೀನಿನ ತಲೆ. ಅದೊಂದಿದ್ದರೆ ಹುಡುಗಿ ಬಟ್ಟಲು ನೆಕ್ಕಿ ಇಡುತ್ತಿದ್ದಳು.

ಮೀನಿಗೇನು ಬರವೇ? ಮನೆಯ ಯಜಮಾನ ತಾವೊ ಇದ್ದನಲ್ಲ! ಗಂಡ ಹೆಂಡತಿ ಇಬ್ಬರೂ ವಿಯೆಟ್ನಾಮಿನ ಮೆಕಾಂಗ್ ಹೊಳೆದಂಡೆಯಲ್ಲಿ ಹುಟ್ಟಿದವರು. ಅಮೆರಿಕದ ಈ ಬಂದರು ಊರಿಗೆ ಬಂದು, ಹಡಗು ರಿಪೇರಿ ಶೆಡ್ಡಿನಲ್ಲಿ ದುಡಿದು, ಈಗ ತಾವೊ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದ. ಮನೆಯಲ್ಲಿ ಅನ್ನುವುದು ಬರೀ ಮಾತಿಗೆ. ಬೆಳಕು ಹರಿಯುವ ಮುಂಚೆಯೇ ಬಕೆಟ್ಟು, ಗಾಳ, ಏಡಿ ಹಿಡಿಯುವ ಬಲೆಬುಟ್ಟಿ ಹೊತ್ತು ಸೇತುವೆ ಕೆಳಗಿನ ಕಟ್ಟೆಗೆ ನಡೆದುಬಿಡುತ್ತಿದ್ದ.

ಆ ಮನುಷ್ಯನ ಕೈಗುಣ ನೋಡಬೇಕಿತ್ತು ನೀವು! ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡು ಕೂತರೆ ಸಾಕು, ತಳದಲ್ಲಿ ಮೂಸುತ್ತಿರುವುದು ಚಪ್ಪಟೆ ಮೀನೋ, ಪರ್ಚ್ ಮೀನೋ, ಏಡಿಯೋ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಬೇರೆಯವರು ಬರಿಗೈಯಲ್ಲಿ ಹೋಗುವ ದಿನವೂ ಅವನ ಬಕೆಟ್ಟು ತುಂಬಿರುತ್ತಿತ್ತು. ಕಟ್ಟೆಯ ಮೇಲೆ ಯಾವ ದೇಶದವರು ಕೂತಿದ್ದರೂ ಅವನು ಗಾಳ ಎಸೆಯುವಾಗ ತಿರುಗಿ ನೋಡುತ್ತಿದ್ದರು. ಲುವಾ ಎದುರಿಗೆ ಹೊಗಳುತ್ತಿರಲಿಲ್ಲ, ಆದರೆ ಅವಳಿಗೆ ಒಳಗೊಳಗೇ ಬಲು ಹೆಮ್ಮೆ.

ಹೊಳೆ ಮಾತ್ರ ಮೆಕಾಂಗ್ ಅಲ್ಲ. ಒಂದು ದಡದಲ್ಲಿ ಸಿಮೆಂಟು ಕಾರ್ಖಾನೆ, ಇನ್ನೊಂದು ದಡದಲ್ಲಿ ಗುಜರಿ ಕಬ್ಬಿಣದ ಗುಡ್ಡೆ. ನಡುವೆ ದೊಡ್ಡ ದೊಡ್ಡ ದೋಣಿಗಳ ಓಡಾಟ. ಆದರೂ ನೀರು ತಿಳಿಯಾಗಿತ್ತು, ಮೀನು ಹೊಳೆಯುತ್ತಿತ್ತು. ಇನ್ನೇನು ಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು.

ಅವತ್ತು ಮಧ್ಯಾಹ್ನ ಊಟಕ್ಕೆ ದಪ್ಪ ಏಡಿಗಳು ಬೆಂದಿದ್ದವು. ಲುವಾ ಒಂದರ ಬೆನ್ನ ಚಿಪ್ಪು ಬಿಡಿಸಿ, ಒಳಗಿನ ಹಳದಿ ಕೊಬ್ಬನ್ನು ಚಮಚದಲ್ಲಿ ಕೆರೆದು ತೆಗೆದಳು. ಅದನ್ನು ಗಂಡ ಏಡಿಬೆಣ್ಣೆ ಅನ್ನುತ್ತಿದ್ದ. ಮನೆಯಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚೋ ಅವರ ಬಟ್ಟಲಿಗೆ ಏಡಿಬೆಣ್ಣೆ ಬೀಳಬೇಕು, ಅದು ಅವರ ಪದ್ಧತಿ. ಉಯೆನ್ ಬಂದಾಗಿನಿಂದ ಅದೆಲ್ಲ ಅವಳ ಪಾಲು.

ಚಮಚ ಮಗಳ ಬಟ್ಟಲ ಮೇಲೆ ಬಂದಿತ್ತು. ಬಾಗಿಲಲ್ಲಿ ದನಿ ಕೇಳಿತು.

"ಊಟ ಆಯ್ತಾ ಅತ್ತೆ?"

ಥಾಮ್ ಬಂದಿದ್ದಳು. ಆಚೆ ಬೀದಿಯವಳು. ಬೆಳಗ್ಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮಧ್ಯಾಹ್ನ ಕ್ಲಿನಿಕ್ಕಿನ ಪರವಾಗಿ, ತನ್ನ ಭಾಷೆಯ ಜನರ ಮನೆಮನೆಗೆ ಹೋಗಿ ಆರೋಗ್ಯದ ಮಾತು ಹೇಳುವುದು. ಮಳೆ ಬರಲಿ, ಬಾಗಿಲು ಮುಖದ ಮೇಲೆ ಮುಚ್ಚಲಿ, ಈ ಹೆಣ್ಣುಮಗಳು ನಗುತ್ತ ಮುಂದಿನ ಮನೆಗೆ ಹೋಗುವವಳು. ಅಂಥವರು ಊರಿಗೊಬ್ಬರಿದ್ದರೆ ಸಾಕು.

"ಬಾ ಬಾ, ಕೂತ್ಕೋ. ಬಿಸಿ ಬಿಸಿ ಏಡಿ ಇದೆ" ಅಂದಳು ಲುವಾ.

ಥಾಮ್ ಕೂರಲಿಲ್ಲ. ಚಮಚ ನೋಡಿದಳು, ಉಯೆನ್‌ಳ ಹೊಟ್ಟೆ ನೋಡಿದಳು. "ಅತ್ತೆ, ಒಂದು ನಿಮಿಷ ತಡೀರಿ. ಈ ಏಡಿ ಎಲ್ಲೀದು?"

"ಎಲ್ಲೀದಾದ್ರೆ ನಿನಗೇನಮ್ಮ?" ತಾವೊ ಉಬ್ಬಿಕೊಂಡು ಹೇಳಿದ. "ಅಂಗಡೀಲಿ ತಂದ ಸತ್ತ ಮಾಲಲ್ಲ. ಬೆಳಗ್ಗೆ ನಾನೇ ಸೇತುವೆ ಕೆಳಗೆ ಹಿಡಿದದ್ದು."

"ಮಾವ, ಬೇಜಾರು ಮಾಡ್ಕೋಬೇಡಿ. ಅದನ್ನ ಉಯೆನ್‌ಗೆ ಕೊಡಬೇಡಿ. ಯಾರೂ ತಿನ್ನಬೇಡಿ. ಕಟ್ಟೆ ಹತ್ರ ಬೋರ್ಡು ಹಾಕಿದ್ದೀವಲ್ಲ, ನಮ್ಮ ಭಾಷೇಲೇ ಬರೆದಿದೆ. ನೋಡಿಲ್ವಾ ನೀವು?"

"ನೋಡಿಲ್ವಾ ಅಂದ್ರೆ! ಮೊದಲು ಓದಿದವನೇ ನಾನು!" ತಾವೊ ಮೇಜು ಕುಟ್ಟಿದ. "ಕಾನೂನು ಮೀರೋನಲ್ಲಮ್ಮ ಈ ತಾವೊ. ಆ ಬೋರ್ಡು ನನಗಲ್ಲ. ಅಲ್ಲಿ ನೋಡು!"

ಅವನು ಬೆರಳು ತೋರಿಸಿದ ಕಡೆ ಹಿರಿಯರ ಫೋಟೋಗಳು, ಊದುಬತ್ತಿ, ಹಣ್ಣಿನ ತಟ್ಟೆ ಇದ್ದವು. ಅವುಗಳ ಪಕ್ಕದಲ್ಲೇ ಕಟ್ಟು ಹಾಕಿಸಿದ ಒಂದು ಕಾಗದ. ತಾವೊ ಈ ದೇಶದ ಪ್ರಜೆ ಅಂತ ಸರ್ಕಾರ ಕೊಟ್ಟ ಪತ್ರ.

ಥಾಮ್‌ಗೆ ತಲೆಬುಡ ತಿಳಿಯಲಿಲ್ಲ. "ಮೀನಿಗೂ ಅದಕ್ಕೂ ಏನು ಸಂಬಂಧ ಮಾವ?"

"ಓದಿದವಳು ನೀನೇ ಕೇಳ್ತೀಯಲ್ಲ! ಬೋರ್ಡಲ್ಲಿ ಏನಿದೆ? ‘ಕಾಯಂ ನಿವಾಸಿ ಮೀನು ತಿನ್ನಬೇಡಿ.’ ಕಾಯಂ ನಿವಾಸಿ ಅಂದ್ರೆ ಯಾರು? ಈ ದೇಶದಲ್ಲಿ ಕಾಯಮ್ಮಾಗಿ ಇರಬಹುದು ಅಂತ ಸರ್ಕಾರ ಕೊಡೋ ಹಸಿರು ಕಾರ್ಡು ಇದ್ದೋರು. ಈ ಹೊಳೆ ಮೀನು ಅವರಿಗೆ ಸೇರಿದ್ದು, ಕಾಗದ ಇಲ್ದೋರು ಮುಟ್ಟಬೇಡಿ ಅಂತ. ನಾನು ಕಾರ್ಡು ದಾಟಿ ಪ್ರಜೆಯೇ ಆಗಿದ್ದೀನಿ. ನನ್ನನ್ನ ಕೇಳೋರು ಯಾರು?"

ಅವರ ಭಾಷೆಯಲ್ಲಿ ‘ನಿವಾಸಿ ಮೀನು’ ಅಂದರೂ ‘ನಿವಾಸಿಯ ಮೀನು’ ಅಂದರೂ ಬರೆಯುವುದು ಒಂದೇ ಥರ. ಅಲ್ಲೇ ಎಡವಟ್ಟಾಗಿತ್ತು.

ಲುವಾ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ಅದಕ್ಕೇನ್ರೀ ಕಟ್ಟೆಗೆ ಬರೋ ಥುವಾನ್ ದಿನಾ ತಾನು ಹಿಡಿದ ಮೀನನ್ನೂ ನಿಮಗೇ ಕೊಟ್ಟು ಹೋಗ್ತಿದ್ದದ್ದು? ನಾನು ಆ ಹುಡುಗನಿಗೆ ನಿಮ್ಮ ಮೇಲೆ ಏನೋ ಗೌರವ ಅಂದ್ಕೊಂಡಿದ್ದೆ!"

"ಗೌರವಾನೂ ಇದೆ. ಆದ್ರೆ ಪಾಪ, ಹೊಸದಾಗಿ ಬಂದೋನು, ಕಾರ್ಡು ಇನ್ನೂ ಬಂದಿಲ್ಲ. ಹೆಂಡತಿ ಚಿಕ್ಕ ಮಗುವಿಗೆ ಹಾಲೂಡಿಸ್ತಿದ್ದಾಳೆ. ತಿಂದು ಸಿಕ್ಕಿಬಿದ್ರೆ ವಾಪಸ್ ಕಳಿಸಿಬಿಡ್ತಾರೆ ಅಂತ ನಾನೇ ಬುದ್ಧಿ ಹೇಳಿದೆ. ಹಿಡಿಯೋದಾದ್ರೆ ಹಿಡಿ, ತಿನ್ನಬೇಡ, ನನಗೆ ಕೊಡು ಅಂದೆ."

ಥಾಮ್ ನಗತೊಡಗಿದಳು. ನಕ್ಕೂ ನಕ್ಕೂ ಕುರ್ಚಿ ಹಿಡಿದು ಕೂತಳು. ಉಯೆನ್‌ಗೂ ನಗು ತಡೆಯಲಾಗಲಿಲ್ಲ. ಆದರೆ ಇದ್ದಕ್ಕಿದ್ದಂತೆ ಥಾಮ್‌ಳ ಮುಖ ಬಾಡಿತು. ತನ್ನ ಚೀಲದಿಂದ ಒಂದು ಕರಪತ್ರ ತೆಗೆದು ಓದಿದಳು. ಅದರಲ್ಲೂ ಅದೇ ಮಾತು.

"ಮಾವ, ತಪ್ಪು ನಿಮ್ಮದಲ್ಲ" ಅಂದಳು. "ಈ ಕಾಗದ ನಾನು ಎಷ್ಟು ಮನೆಗೆ ಹಂಚಿದ್ದೀನೋ! ಎಲ್ಲರೂ ತಲೆ ಆಡಿಸಿದ್ರು. ನನಗೆ ಅರ್ಥ ಮೊದಲೇ ಗೊತ್ತಿತ್ತು, ಅದಕ್ಕೇ ತಪ್ಪು ಕಾಣಿಸ್ಲೇ ಇಲ್ಲ. ಕಾಯಂ ನಿವಾಸಿ ಅಂದ್ರೆ ಮನುಷ್ಯರಲ್ಲ ಮಾವ. ಮೀನೇ ಕಾಯಂ ನಿವಾಸಿ!"

"ಮೀನಿಗೆ ಯಾವ ಸರ್ಕಾರ ಕಾರ್ಡು ಕೊಡುತ್ತೆ?" ತಾವೊ ಕಣ್ಣು ಕಿರಿದು ಮಾಡಿದ.

"ಕೇಳಿ. ಸಾಲ್ಮನ್ ಮೀನು ಇದೆಯಲ್ಲ, ಅದು ಈ ಹೊಳೆಗೆ ದಾರಿಹೋಕ. ಸಮುದ್ರದಲ್ಲಿ ತಿಂದು ಬೆಳೆದು, ಮೊಟ್ಟೆ ಇಡೋಕೆ ಇಲ್ಲಿ ಹಾದು ಮೇಲಕ್ಕೆ ಹೋಗುತ್ತೆ. ಪರ್ಚು, ಚಪ್ಪಟೆ ಮೀನು, ಏಡಿ, ಚಿಪ್ಪುಮೀನು ಹಾಗಲ್ಲ. ಬದುಕೆಲ್ಲ ಇಲ್ಲೇ, ಈ ಕೆಸರಲ್ಲೇ. ಹಿಂದೆ ಕಾರ್ಖಾನೆಗಳು ಬಿಟ್ಟ ಎಣ್ಣೆಯಂಥ ರಾಸಾಯನಿಕ ಆ ಕೆಸರಲ್ಲಿ ಇನ್ನೂ ಕೂತಿದೆ. ಅದು ಕೊಳೆಯಲ್ಲ, ಕರಗಿ ಹೋಗಲ್ಲ. ಕೆಸರಿನ ಹುಳಕ್ಕೆ, ಹುಳದಿಂದ ಮೀನಿಗೆ, ಮೀನಿನ ಕೊಬ್ಬಿಗೆ. ಈ ಹಳದಿ ಇದೆಯಲ್ಲ ಅತ್ತೆ, ಎಲ್ಲಕ್ಕಿಂತ ಹೆಚ್ಚು ಸೇರೋ ಜಾಗ ಇದೇ."

ಲುವಾ ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟಳು. "ನಾನು ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸ್ತೀನಲ್ಲೇ?"

"ಕುದಿಸಿದ್ರೆ ಕ್ರಿಮಿ ಸಾಯುತ್ತೆ ಅತ್ತೆ. ಇದಕ್ಕೆ ಜೀವ ಇದ್ದರೆ ತಾನೇ ಸಾಯೋದು? ಉಪ್ಪು ಹಾಕಿ, ಹುಳಿ ಹಾಕಿ, ಅದು ಅಲ್ಲೇ ಇರುತ್ತೆ."

"ವಾಸನೆ ಇಲ್ಲ, ಕಹಿ ಇಲ್ಲ!" ತಾವೊ ಬಿಡಲಿಲ್ಲ. "ಇಷ್ಟು ವರ್ಷ ತಿಂದಿದ್ದೀನಿ. ಕಲ್ಲುಗುಂಡಿನ ಹಾಗಿದ್ದೀನಿ. ಕೆಮ್ಮು ಕೂಡ ಇಲ್ಲ."

"ಇವತ್ತು ತಿಂದು ನಾಳೆ ಮಲಗಿಸೋ ವಿಷ ಅಲ್ಲ ಮಾವ ಇದು. ಮೈಯ ಕೊಬ್ಬಲ್ಲಿ ಸೇರಿ ವರ್ಷಗಟ್ಟಲೆ ಕೂರುತ್ತೆ. ಹೊಟ್ಟೆಯಲ್ಲಿರೋ ಕೂಸಿಗೆ ಹೋಗುತ್ತೆ, ಹಾಲಲ್ಲೂ ಹೋಗುತ್ತೆ. ಮೆದುಳು ಮೂಡೋ ಹೊತ್ತು ಅದು. ಆಮೇಲೆ ಮಗು ಕಲಿಯೋದ್ರಲ್ಲಿ, ಬೆಳೆಯೋದ್ರಲ್ಲಿ ಹಿಂದೆ ಬೀಳಬಹುದು. ದೊಡ್ಡೋರಿಗೂ ಒಳ್ಳೇದಲ್ಲ, ಆದ್ರೆ ಕೂಸಿಗೆ ತುಂಬ ಕೆಟ್ಟದ್ದು."

ಲುವಾಳಿಗೆ ತನ್ನ ಅಕ್ಕನ ಊರು ನೆನಪಾಯಿತು. ಅಲ್ಲಿ ಯುದ್ಧದ ಕಾಲದ ವಿಮಾನ ನಿಲ್ದಾಣದ ಪಕ್ಕ ಒಂದು ಕೆರೆ ಇತ್ತು. ಮರಗಳ ಎಲೆ ಉದುರಿಸಲು ವಿಮಾನದಿಂದ ಕಾಡಿನ ಮೇಲೆ ಸುರಿಯುತ್ತಿದ್ದ ವಿಷದ ಔಷಧ ಆ ನೆಲಕ್ಕೆ ಇಳಿದಿತ್ತು. ಯುದ್ಧ ಮುಗಿದು ಒಂದು ತಲೆಮಾರು ಕಳೆದ ಮೇಲೂ ಆ ಕೆರೆಯ ಮೀನು, ಬಾತುಕೋಳಿ ತಿನ್ನಬೇಡಿ ಅಂತ ಸಾರಿದ್ದರು. ಅಕ್ಕ ಮಾತ್ರ ತಿಳಿನೀರು ನೋಡಿ ನಂಬಿದ್ದಳು. ಊನವಾಗಿ ಹುಟ್ಟಿದ ಅಕ್ಕನ ಕೊನೆಯ ಮಗುವಿನ ಕಥೆ ಲುವಾ ಯಾರ ಹತ್ತಿರವೂ ಆಡುತ್ತಿರಲಿಲ್ಲ.

"ಥಾಮ್," ಅಂದಳು ಸಣ್ಣ ದನಿಯಲ್ಲಿ, "ಇದೂ ಅದರ ಥರದ್ದೇ ಏನೇ? ನಮ್ಮ ಊರಿನ ಆ ಔಷಧದ ಥರದ್ದು?"

"ದಾಯಾದಿ ಅತ್ತೆ. ಅದರ ದಾಯಾದಿ."

ಅಷ್ಟು ಸಾಕಾಯಿತು. ಅನ್ನದ ಒಂದು ಅಗುಳು ನೆಲಕ್ಕೆ ಬಿದ್ದರೂ ಎತ್ತಿ ತಿನ್ನುವ ಲುವಾ, ಏಡಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕಸದ ಡಬ್ಬಿಗೆ ಬೋರಲು ಹಾಕಿದಳು. ಎಂಥ ಗಟ್ಟಿ ಹೆಂಗಸು ನೋಡಿ! ಆಮೇಲೆ ಬಂದು ಮಗಳ ತಲೆ ಸವರಿದಳು.

ಉಯೆನ್‌ಳ ಕಣ್ಣಲ್ಲಿ ನೀರಿತ್ತು. "ಅಕ್ಕ, ಬಂದಾಗಿನಿಂದ ನಾನು ಅದನ್ನೇ ತಿಂದಿದ್ದೀನಿ. ಈಗ ಏನು ಗತಿ?"

"ಗಾಬರಿ ಬೇಡ ಕಣೇ. ನೀನು ಬಂದು ಎಷ್ಟು ದಿನ ಆಯ್ತು? ಇವತ್ತು ನಿಲ್ಲಿಸಿದ್ರೆ ಇವತ್ತಿನಿಂದಲೇ ಹೊಸದು ಸೇರೋದು ನಿಲ್ಲುತ್ತೆ. ನಾಳೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಎಲ್ಲ ಬಿಚ್ಚಿ ಹೇಳು. ಮೀನು ಬಿಡು ಅಂತ ಮಾತ್ರ ಯಾರೂ ಅನ್ನಲ್ಲ. ಒಳ್ಳೆ ಮೀನು ಮಗುವಿಗೆ ಒಳ್ಳೇದೇ."

ತಾವೊ ಎದ್ದು ಹಿತ್ತಲಿಗೆ ಹೋಗಿ ಬಲೆಬುಟ್ಟಿ ಮುಂದೆ ಕೂತ. ರಾತ್ರಿ ಊಟಕ್ಕೆ ಕರೆದರೂ ಬರಲಿಲ್ಲ. ಲುವಾ ಸುಮ್ಮನೆ ಬಿಟ್ಟಳು. ಮಗಳಿಗೆ ತನ್ನ ಕೈಯಾರೆ ಹಿಡಿದು ತಿನ್ನಿಸಿದೆ ಅಂತ ಅವನು ಒಳಗೇ ಬೇಯುತ್ತಿರುವುದು ಅವಳಿಗೆ ಗೊತ್ತಿತ್ತು.

ಬೆಳಗ್ಗೆ ನೋಡಿದರೆ ಆಸಾಮಿ ಮತ್ತೆ ಬಕೆಟ್ಟು ಹಿಡಿದು ಹೊರಟಿದ್ದಾನೆ!

"ಎಲ್ಲಿಗ್ರೀ?"

"ಕಟ್ಟೆಗೆ. ನಿನ್ನೆ ಇಳಿಬಿಟ್ಟ ಇನ್ನೊಂದು ಬುಟ್ಟಿ ನೀರಲ್ಲೇ ಇದೆ."

ಲುವಾಳಿಗೆ ನಂಬಿಕೆ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೊರಟಳು.

ಕಟ್ಟೆಯ ಮೇಲೆ ಥುವಾನ್ ಆಗಲೇ ಬಂದಿದ್ದ. ಬಕೆಟ್ಟಿನಲ್ಲಿ ತಟ್ಟೆಯಗಲದ ಚಪ್ಪಟೆ ಮೀನೊಂದು ಬಡಿದಾಡುತ್ತಿತ್ತು, ಜೊತೆಗೆ ಎರಡು ಏಡಿ. ಇಬ್ಬರನ್ನೂ ಕಂಡವನೇ ಓಡಿ ಬಂದ. ಅವನ ಮುಖ ಹಬ್ಬದ ಮನೆಯ ಹಾಗಿತ್ತು.

"ಮಾವ! ಬಂತು ಮಾವ, ಬಂತು! ನಿನ್ನೆ ಸಂಜೆ ಬಂತು ನನ್ನ ಹಸಿರು ಕಾರ್ಡು! ಇವತ್ತು ಈ ಮೀನು ನಿಮಗೆ ಕೊಡಲ್ಲ, ಕ್ಷಮಿಸಬೇಕು. ಮನೆಗೆ ಒಯ್ತೀನಿ. ನನ್ನ ಹೆಂಡ್ತಿ ಸಾರಿಗೆ ಹುಣಸೆಹಣ್ಣು ನೆನೆಸಿಟ್ಟು ಕಾಯ್ತಿದ್ದಾಳೆ!"

ಲುವಾ ಗಂಡನ ಮುಖ ನೋಡಿದಳು. ‘ಒಳ್ಳೇದಪ್ಪ’ ಅಂದು ಸುಮ್ಮನಾದರೆ ಇವನ ಮರ್ಯಾದೆ ಉಳಿಯುತ್ತದೆ. ಬಾಯಿ ಬಿಟ್ಟರೆ ಇಡೀ ಕಟ್ಟೆಯ ಮುಂದೆ ಹೋಗುತ್ತದೆ. ಮೀನು ಹಿಡಿಯುವುದರಲ್ಲಿ ಗುರು ಅಂತ ಕರೆಸಿಕೊಂಡವನು ಬೋರ್ಡು ಓದಲು ಬಾರದ ಪೆದ್ದನಾಗುತ್ತಾನೆ.

ತಾವೊ ತನ್ನ ಬಕೆಟ್ಟು ಕೆಳಗಿಟ್ಟ. "ಥುವಾನ್, ಅದನ್ನ ಒಯ್ಬೇಡ."

"ಯಾಕೆ ಮಾವ? ಕಾರ್ಡು ಬಂತು ಅಂದೆನಲ್ಲ!"

"ಕಾರ್ಡಿನ ಮಾತಲ್ಲ ಅದು. ನಾನು ತಪ್ಪು ಓದಿದ್ದೆ. ಇಲ್ಲೇ ಇರೋ ಮೀನು, ಏಡಿ ಯಾರೂ ತಿನ್ನಬಾರದು ಅಂತ ಅದರ ಅರ್ಥ. ಕೆಸರಲ್ಲಿ ವಿಷ ಇದೆ."

ಥುವಾನ್ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ. ಮುಖ ಕೆಂಪೇರಿತು. "ಚೆನ್ನಾಗಿದೆ ಮಾವ! ಇಷ್ಟು ದಿನ ನನ್ನ ಮೀನು ನಿಮ್ಮ ಮನೆಗೆ ಹೋಗುವಾಗ ವಿಷ ಇರ್ಲಿಲ್ಲ. ನನ್ನ ಸರದಿ ಬಂದ ದಿನವೇ ವಿಷ ಬಂತಾ? ನಾನು ಹೊಸಬ ಇರಬಹುದು, ದಡ್ಡ ಅಲ್ಲ."

ಗಾಳ ಹಾಕಿದ್ದವರೆಲ್ಲ ತಿರುಗಿ ನೋಡಿದರು. ಲುವಾ ಮುಂದೆ ಹೋಗಬೇಕೆಂದುಕೊಂಡಳು. ತಾವೊ ಕೈ ಅಡ್ಡ ಹಿಡಿದು ತಡೆದ. ಹಗ್ಗ ಹಿಡಿದು ತನ್ನ ಬುಟ್ಟಿಯನ್ನು ನೀರಿನಿಂದ ಮೇಲಕ್ಕೆ ಎಳೆದ. ಅದರ ತುಂಬ ಏಡಿ! ಇಂಥ ಬುಟ್ಟಿ ವರ್ಷಕ್ಕೊಮ್ಮೆ ಸಿಕ್ಕರೆ ಪುಣ್ಯ. ಕಟ್ಟೆಯ ಮೇಲೆ ಯಾರೋ ಸಿಳ್ಳೆ ಹಾಕಿದರು. ತಾವೊ ಬುಟ್ಟಿಯ ಬಾಗಿಲು ಬಿಚ್ಚಿ, ತಲೆಕೆಳಗು ಮಾಡಿ, ಒಂದೂ ಬಿಡದೆ ಎಲ್ಲವನ್ನೂ ಹೊಳೆಗೆ ಸುರಿದುಬಿಟ್ಟ.

"ನಿನ್ನ ಮೀನು ನಾನು ತಿಂದೆ, ನಿಜ" ಅಂದ. "ನಾನೊಬ್ಬನೇ ತಿಂದಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಬಸುರಿ ಮಗಳಿಗೆ ತಿನ್ನಿಸಿದ್ದೀನಿ ಕಣೋ. ಒಳ್ಳೇ ತುಂಡು ಆರಿಸಿ ಆರಿಸಿ ತಿನ್ನಿಸಿದ್ದೀನಿ. ನಿನಗೆ ಮೋಸ ಮಾಡೋನು ತನ್ನ ಮೊಮ್ಮಗುವಿಗೆ ವಿಷ ಹಾಕ್ತಾನಾ? ನಾನು ಪೆದ್ದ ಅಂತ ಬೇಕಾದ್ರೆ ಊರಿಗೆಲ್ಲ ಹೇಳು. ಆದ್ರೆ ನಿನ್ನ ಕೂಸು ಕುಡಿಯೋ ಹಾಲಿಗೆ ಅದನ್ನ ಸೇರಿಸಬೇಡ."

ಈ ಮುದುಕ ಇಡೀ ಜೀವಮಾನದಲ್ಲಿ ಅಳತೆಗೆ ಸರಿಯಾದ ಒಂದೇ ಒಂದು ಏಡಿಯನ್ನೂ ನೀರಿಗೆ ಬಿಟ್ಟವನಲ್ಲ. ಅದು ಥುವಾನ್‌ಗೂ ಗೊತ್ತಿತ್ತು. ಅವನು ತನ್ನ ಬಕೆಟ್ಟನ್ನು ನೋಡಿದ, ತಾವೊನ ಒದ್ದೆ ಕೈಗಳನ್ನು ನೋಡಿದ. ಆಮೇಲೆ ಬಕೆಟ್ಟು ಬಗ್ಗಿಸಿದ. ಚಪ್ಪಟೆ ಮೀನು ಬಾಲ ಬಡಿದು ಹೊಳೆಯ ತಳಕ್ಕೆ ಇಳಿಯಿತು.

"ಹೆಂಡ್ತಿಗೆ ಏನು ಹೇಳಲಿ ಮಾವ? ಹುಣಸೆಹಣ್ಣು ನೆನೆಸಿಟ್ಟಿದ್ದಾಳೆ" ಅಂದ. ಅಳುವುದೋ ನಗುವುದೋ ತಿಳಿಯದ ಮುಖ.

"ಹೇಳೋದೇನಿದೆ? ನಿನ್ನೆ ಸಂಜೆ ಅಂಗಡಿಯಿಂದ ತಂದ ಸಾಲ್ಮನ್ ತುಂಡು ನಮ್ಮ ಮನೇಲಿದೆ, ಬಾ, ಅರ್ಧ ಒಯ್ಯಿ" ಅಂದಳು ಲುವಾ. "ಸಾಲ್ಮನ್ ಹೊಳೆ ಹತ್ತೋ ಕಾಲ ಬಂತು. ಅದನ್ನ ಹಿಡಿಯೋಕೆ ಲೈಸೆನ್ಸ್ ಮಾಡಿಸ್ಕೋ, ನಿಮ್ಮ ಮಾವ ಕಲಿಸಿಕೊಡ್ತಾರೆ."

"ಚಳಿಗಾಲಕ್ಕೆ ಸಮುದ್ರದ ಕಟ್ಟೆಗೆ ಹೋಗೋಣ, ಬೊಂಡಾಸ್, ಅದೇ ಸ್ಕ್ವಿಡ್, ಹಿಡಿಯೋದು ತೋರಿಸ್ತೀನಿ" ಅಂದ ತಾವೊ.

ಅವತ್ತು ಮಧ್ಯಾಹ್ನ ಥಾಮ್ ಉಯೆನ್‌ಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ತಿಂದದ್ದು ಕೆಲವು ವಾರ ಮಾತ್ರ, ಈಗಲೇ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು, ತಪಾಸಣೆಗೆ ತಪ್ಪದೆ ಬನ್ನಿ ಅಂದರು ಡಾಕ್ಟರು. ಅಲ್ಲಿಂದ ಥಾಮ್ ನೇರ ತನ್ನ ಕಚೇರಿಗೆ ಹೋಗಿ ಕರಪತ್ರಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟು, ಈ ಮಾತು ಬದಲಾಯಿಸದೆ ಇನ್ನೊಂದನ್ನೂ ಹಂಚುವುದಿಲ್ಲ ಅಂತ ಕೂತಳು. ಹೊಸ ಮಾತು ಬರೆಯಲು ಯಾರನ್ನು ಕರೆಸಿದಳು ಅಂದುಕೊಂಡಿರಿ? ತಾವೊನನ್ನು! ‘ಈ ಹೊಳೆಯ ಕೆಸರಲ್ಲೇ ಬಾಳುವ ಮೀನು, ಏಡಿ, ಚಿಪ್ಪುಮೀನು ಯಾರೂ ತಿನ್ನಬೇಡಿ. ಸಮುದ್ರದಿಂದ ಬಂದು ಹೋಗುವ ಸಾಲ್ಮನ್ ತಿನ್ನಬಹುದು.’ ಮೂರು ವರ್ಷದ ಮಗುವಿಗೂ ಅರ್ಥವಾಗುವ ಮಾತು. ತಪ್ಪನ್ನು ಮುಚ್ಚಿಡದೆ ಹತ್ತು ಜನಕ್ಕೆ ಉಪಯೋಗ ಮಾಡಿದ ಆ ಮುದುಕನಿಗೆ ನನ್ನದೊಂದು ನಮಸ್ಕಾರ.

ಹೊಳೆಯ ಕೆಸರು ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿದೆ. ಮುಗಿಯಲು ವರ್ಷಗಳು ಬೇಕು. ಕಟ್ಟೆಯವರು ಸಭೆಗೆ ಹೋಗಿ ಎಷ್ಟು ತೆಗೆದಿರಿ, ಇನ್ನೆಷ್ಟು ಇದೆ ಅಂತ ಕೇಳುತ್ತಾರೆ. ಮೊದಲ ಸಾಲಿನಲ್ಲಿ ಕೂರುವವಳು ಲುವಾ.

ಈಗ ನಿಮ್ಮ ಮಾತಿಗೆ ಬರೋಣ. ಅಕ್ಕಂದಿರೇ, ಅಣ್ಣಂದಿರೇ, ನಮ್ಮಲ್ಲೂ ಹೊಳೆ ಕೆರೆಗಳ ದಡದಲ್ಲಿ ಕಾರ್ಖಾನೆಗಳಿವೆ. ಮೀನು ಒಳ್ಳೆಯ ಆಹಾರ, ಬಿಡಬೇಡಿ. ಎಲ್ಲಿಯ ಮೀನು ಅನ್ನುವುದನ್ನು ಮಾತ್ರ ನೋಡಿ. ಕಾರ್ಖಾನೆಯ ಕೊಳಚೆ ಸೇರುವ ನೀರಿನ ತಳದಲ್ಲಿ ಬಾಳುವ ಮೀನು, ಏಡಿಯನ್ನು ಮನೆಗೆ ತರಬೇಡಿ. ತೊಳೆದರೂ ಕುದಿಸಿದರೂ ಆ ರಾಸಾಯನಿಕ ಹೋಗುವುದಿಲ್ಲ. ನೀರು ಎಂಥದೋ ಎಂಬ ಅನುಮಾನವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಮೀನುಗಾರಿಕೆ ಇಲಾಖೆಯವರನ್ನು ಕೇಳಿ, ಪಂಚಾಯ್ತಿ ಸಭೆಯಲ್ಲಿ ಎದ್ದು ನಿಂತು ಕೇಳಿ. ಅವರು ಹಾಕಿದ ಬೋರ್ಡು ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅಂತ ಹೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಹಳೆಯ ಎಂಜಿನ್ ಎಣ್ಣೆ, ಔಷಧದ ಡಬ್ಬಿ ಚರಂಡಿಗೆ ಸುರಿಯುವವರನ್ನು ಕಂಡರೆ ತಡೆಯಿರಿ.

ಬಸುರಿ, ಬಾಣಂತಿ, ಚಿಕ್ಕ ಮಕ್ಕಳ ತಟ್ಟೆಗೆ ಮೀನು ಬಡಿಸುವ ಮುಂಚೆ ತಂದವರನ್ನು ಒಂದು ಮಾತು ಕೇಳಿ: ಇದು ಯಾವ ನೀರಿನದು? ಉತ್ತರ ಸಿಗಲಿಲ್ಲವೇ? ಆ ಒಂದು ಹೊತ್ತು ಸೊಪ್ಪಿನ ಸಾರು ಮಾಡಿ ಬಡಿಸಿ.